ಗಂಡುಮಕ್ಕಳ ಶಾಲೆಯಲ್ಲಿ ಸುಭದ್ರೆಯ ಅರ್ಥ

ಮೇ ತಿಂಗಳು ಬಂತೆಂದರೆ ನಮ್ಮ ಶಾಲೆಯ ಕಚೇರಿಯೆದುರಿನ ಬೆಂಚುಗಳಲ್ಲಿ ಮಗನನ್ನು ಸೇರಿಸಲು ಬಂದ ಹೆತ್ತವರು ಕುಳಿತಿರುತ್ತಾರೆ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಕುಂಬಳೆ, ಪೈವಳಿಕೆ, ಮುಳ್ಳೇರಿಯ ಕಡೆಯವರೇ ಹೆಚ್ಚು. ಗಡಿಯಾಚೆಯ ವಿಟ್ಲ, ಪುತ್ತೂರಿನಿಂದ ಬರುವವರೂ ಇದ್ದಾರೆ. ನಮ್ಮದು ಸರಕಾರದ ಅನುದಾನವಿಲ್ಲದೆ ನಡೆಯುವ, ಹುಡುಗರಿಗೆ ಮಾತ್ರ ಇರುವ, ಪುಟ್ಟ ಹಾಸ್ಟೆಲೊಂದನ್ನು ಹೊಂದಿರುವ ಕನ್ನಡ ಶಾಲೆ. ಬೇರೆ ಶಾಲೆಗಳನ್ನು ಬಿಟ್ಟು ಇಲ್ಲಿಗೇಕೆ ಬಂದಿರಿ ಎಂದು ಕೇಳಿದರೆ ಹೆಚ್ಚಿನವರ ಉತ್ತರ ಒಂದೇ: "ಇಲ್ಲಿ ಹುಡುಗಿಯರಿಲ್ಲ ಅಲ್ವಾ ಟೀಚರೇ, ಓದಿನ ಕಡೆಗೆ ಗಮನ ಇರ್ತದೆ."

ಈ ಉತ್ತರವನ್ನು ನಾನು ಒಪ್ಪುವುದಿಲ್ಲ. ಮೂರನೆಯ ತರಗತಿಯ ಹುಡುಗನ ಗಮನ ತಪ್ಪಿಸುವುದಕ್ಕೆ ಹುಡುಗಿಯರೇ ಬೇಕೆಂದಿಲ್ಲ, ಕಿಟಕಿಯಾಚೆ ಒಂದು ಅಳಿಲು ಓಡಿದರೂ ಸಾಕು. ಅದಕ್ಕಿಂತ ಮುಖ್ಯವಾಗಿ, ಜಗತ್ತಿನ ಅರ್ಧದಷ್ಟು ಜನರನ್ನು ಓದಿಗೆ ಅಡ್ಡಿ ಎಂದು ಕರೆಯುವ ಮಾತನ್ನು ಆ ಮಗು ಅಪ್ಪನ ಪಕ್ಕದಲ್ಲಿ ಕುಳಿತು ಕೇಳಿಸಿಕೊಳ್ಳುತ್ತಿರುತ್ತದೆ. ಶಾಲೆಗೆ ಸೇರುವ ಮೊದಲೇ ಅದಕ್ಕೆ ಸಿಗುವ ಪಾಠ ಅದು. ಆ ಪಾಠವನ್ನು ಮರೆಸಲು ನಮಗೆ ವರ್ಷಗಳೇ ಹಿಡಿಯುತ್ತವೆ.

ಹುಡುಗರನ್ನು ಮಾತ್ರ ಸೇರಿಸಿಕೊಂಡ ಮಾತ್ರಕ್ಕೆ ಯಾವ ಶಾಲೆಯೂ ಒಳ್ಳೆಯದಾಗುವುದಿಲ್ಲ ಎಂಬುದು ಇಲ್ಲಿ ಕಲಿಸುತ್ತ ಕಲಿಸುತ್ತ ನನಗೆ ಗಟ್ಟಿಯಾದ ಅಭಿಪ್ರಾಯ. ಆದರೂ ಇಂಥ ಶಾಲೆಯಲ್ಲಿ ಬೇರೆಡೆ ಸುಲಭವಾಗಿ ಸಿಗದ ಒಂದು ಅವಕಾಶವಿದೆ. ಹುಡುಗ ಹುಡುಗಿಯರು ಕೂಡಿ ಕಲಿಯುವ ಶಾಲೆಯ ವಾರ್ಷಿಕೋತ್ಸವವನ್ನು ನೆನಪಿಸಿಕೊಳ್ಳಿ. ಪ್ರಾರ್ಥನೆ ಹಾಡುವವರು, ಅತಿಥಿಗಳಿಗೆ ಹೂ ಕೊಡುವವರು, ರಂಗೋಲಿ ಹಾಕುವವರು ಹುಡುಗಿಯರು. ಬೆಂಚು ಹೊರುವವರು, ತೋರಣ ಕಟ್ಟಲು ಮರ ಹತ್ತುವವರು ಹುಡುಗರು. ಹೀಗೆಯೇ ಆಗಬೇಕೆಂದು ಯಾರೂ ಕುಳಿತು ತೀರ್ಮಾನಿಸಿದ್ದಲ್ಲ, ತನ್ನಷ್ಟಕ್ಕೆ ಹಾಗೆ ಹಂಚಿಹೋಗುತ್ತದೆ. ಹುಡುಗಿಯರೇ ಇಲ್ಲದ ಶಾಲೆಯಲ್ಲಿ ಈ ಹಂಚಿಕೆಗೆ ಎಡೆಯಿಲ್ಲ. ಹಾಡುವುದಕ್ಕೂ ಹುಡುಗನೇ ಬೇಕು, ಹೊರುವುದಕ್ಕೂ ಹುಡುಗನೇ ಬೇಕು, ರಾತ್ರಿ ಜ್ವರ ಬಂದ ಸಣ್ಣವನ ಹಣೆಗೆ ಒದ್ದೆ ಬಟ್ಟೆ ಇಡುವುದಕ್ಕೂ ಹುಡುಗನೇ ಬೇಕು. ಗಂಡುಮಕ್ಕಳ ಶಾಲೆಯನ್ನು ಸಮರ್ಥಿಸಬೇಕಾದರೆ ಈ ಒಂದು ಆಧಾರದ ಮೇಲೆ ಮಾತ್ರ ಸಮರ್ಥಿಸಬಹುದೆಂದು ನಾನು ತಿಳಿದಿದ್ದೇನೆ.

ವಿರುದ್ಧವಾದ ವಾದವೂ ಬಲವಾಗಿಯೇ ಇದೆ. 2022ರ ಜುಲೈಯಲ್ಲಿ ಕೇರಳ ರಾಜ್ಯ ಬಾಲಹಕ್ಕು ಸಂರಕ್ಷಣಾ ಆಯೋಗವು 2023–24ರ ಶೈಕ್ಷಣಿಕ ವರ್ಷದಿಂದ ರಾಜ್ಯದಲ್ಲಿ ಸಹಶಿಕ್ಷಣದ ಶಾಲೆಗಳು ಮಾತ್ರ ಇರಬೇಕೆಂದು ನಿರ್ದೇಶಿಸಿತು. ಆಗ ರಾಜ್ಯದಲ್ಲಿ 280 ಬಾಲಕಿಯರ ಶಾಲೆಗಳೂ 164 ಬಾಲಕರ ಶಾಲೆಗಳೂ ಇದ್ದವು. ಸರಕಾರ ಅವಸರಪಡಲಿಲ್ಲ, ರಕ್ಷಕ–ಶಿಕ್ಷಕ ಸಂಘ ಮತ್ತು ಸ್ಥಳೀಯಾಡಳಿತ ಸಂಸ್ಥೆ ಒಪ್ಪಿದ ಕಡೆ ಬದಲಾವಣೆ ಆಗಲಿ ಎಂಬ ನಿಲುವು ತಳೆಯಿತು. ಒಂದು ಕಾಲಕ್ಕೆ ಗಂಡುಮಕ್ಕಳ ಶಿಕ್ಷಣದ ಮಾದರಿ ಎಂದು ತೋರಿಸಲಾಗುತ್ತಿದ್ದ ಸೈನಿಕ ಶಾಲೆಗಳೂ 2021–22ರಿಂದ ಹುಡುಗಿಯರನ್ನು ಸೇರಿಸಿಕೊಳ್ಳುತ್ತಿವೆ. ಪ್ರತ್ಯೇಕ ಶಾಲೆಗಳಲ್ಲಿ ಮಕ್ಕಳು ಹೆಚ್ಚು ಕಲಿಯುತ್ತಾರೆಂಬ ನಂಬಿಕೆಗೂ ಪುರಾವೆ ಗಟ್ಟಿಯಾಗಿಲ್ಲ: 21 ದೇಶಗಳ ಸುಮಾರು 16 ಲಕ್ಷ ವಿದ್ಯಾರ್ಥಿಗಳನ್ನು ಒಳಗೊಂಡ 184 ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಮಕ್ಕಳ ಮನೆಯ ಸ್ಥಿತಿಗತಿಯಂಥ ವ್ಯತ್ಯಾಸಗಳನ್ನು ಸರಿಯಾಗಿ ಲೆಕ್ಕಕ್ಕೆ ತೆಗೆದುಕೊಂಡ ಅಧ್ಯಯನಗಳಲ್ಲಿ, ಪ್ರತ್ಯೇಕ ಶಾಲೆಗಳಿಂದ ಹೇಳಿಕೊಳ್ಳುವಂಥ ಲಾಭವೇನೂ ಕಂಡುಬರಲಿಲ್ಲ. ಆದ್ದರಿಂದ ಅಂಕದ ಆಸೆಗೆ ಇಲ್ಲಿ ಮಗನನ್ನು ಸೇರಿಸುವವರಿಗೆ ನಾನು ಭರವಸೆ ಕೊಡುವ ಹಾಗಿಲ್ಲ.

ಗಂಡುಮಕ್ಕಳಿಗೆಂದೇ ಇರುವ ಹೆಸರಾಂತ ಶಾಲೆಗಳೂ ದೇಶದಲ್ಲಿವೆ. ಅಜ್ಮೀರದ ಮೇಯೊ ಕಾಲೇಜು 1875ರಲ್ಲಿ ರಾಜಕುಮಾರರಿಗಾಗಿ ಹುಟ್ಟಿತು. ಡೆಹರಾಡೂನಿನ ಡೂನ್ ಶಾಲೆ 1935ರಲ್ಲಿ ಆರಂಭವಾಯಿತು. ನಮ್ಮ ಕಡೆಯವರಿಗೆ ಹೆಚ್ಚು ಪರಿಚಿತವಾದ ಮೈಸೂರಿನ ರಾಮಕೃಷ್ಣ ವಿದ್ಯಾಶಾಲೆ 1953ರದ್ದು. ಅವುಗಳ ಕಥೆ ಬೇರೆ. ಅಡಿಕೆ ತೋಟದ ನಡುವಿನ ನಮ್ಮ ಶಾಲೆಗೆ ನಾಯಕರನ್ನು ತಯಾರಿಸುವ ಹಂಬಲವಿಲ್ಲ. ನಮ್ಮ ಮುಂದಿರುವುದು ಎಂಟರಿಂದ ಹನ್ನೆರಡು ವರ್ಷದೊಳಗಿನ ಹುಡುಗರು, ಮತ್ತು ಅವರು ನಿಜವಾಗಿ ಹೇಗಿರುತ್ತಾರೆಂಬ ಪ್ರಶ್ನೆ.

ಈ ವಯಸ್ಸಿನ ಹುಡುಗನನ್ನು ಅರಿಯಬೇಕಾದರೆ ಅವನು ಕೋಪಿ ಬರೆಯುವುದನ್ನು ಪಕ್ಕದಲ್ಲಿ ಕುಳಿತು ನೋಡಬೇಕು. ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದ ಹಾಗೆ ಹಿಡಿದಿರುತ್ತಾನೆ, ಹಾಳೆಯ ಹಿಂಬದಿಯಲ್ಲಿ ಉಬ್ಬು ಮೂಡುವಷ್ಟು ಒತ್ತುತ್ತಾನೆ. 'ಸ್ತ್ರೀ' ಎಂಬ ಅಕ್ಷರಕ್ಕೆ ಬಂದಾಗ ಅವನ ಉಸಿರೇ ನಿಂತಂತಾಗುತ್ತದೆ. ಮೊದಲು ಸಕಾರ, ಕೆಳಗೆ ತಕಾರದ ಒತ್ತು, ಅದರ ಬದಿಗೆ ರಕಾರದ ಒತ್ತು, ಮೇಲೆ ದೀರ್ಘ; ಇಷ್ಟನ್ನೂ ಎರಡು ಗೆರೆಗಳ ನಡುವೆ ಅಡಕಮಾಡಬೇಕು. ಒತ್ತು ಕೆಳಗಿನ ಸಾಲಿಗೆ ಇಳಿದುಹೋಗುತ್ತದೆ. ರಬ್ಬರಿನಿಂದ ಉಜ್ಜಿದಾಗ ಹಾಳೆ ಹರಿಯುತ್ತದೆ. ಆಗ ಅವನು ಪುಸ್ತಕ ಮುಚ್ಚಿ, ಪಕ್ಕದವನ ಕಾಲಿಗೆ ಒದ್ದು, ಗಲಾಟೆ ಎಬ್ಬಿಸುತ್ತಾನೆ. ಗಲಾಟೆ ಮಾಡಿದ್ದಕ್ಕೆ ಶಿಕ್ಷೆ ಕೊಡುವವರಿಗೆ ಹರಿದ ಹಾಳೆ ಕಾಣಿಸುವುದಿಲ್ಲ.

ಬೆರಳಿನ ಸೂಕ್ಷ್ಮ ಕೆಲಸವೂ ಮಾತಿನ ಕೌಶಲವೂ ಸರಾಸರಿಯಾಗಿ ಹುಡುಗರಿಗೆ ಹುಡುಗಿಯರಿಗಿಂತ ತುಸು ತಡವಾಗಿ ಕೈಗೂಡುತ್ತವೆ. ಓದಿನಲ್ಲಂತೂ ಈ ಅಂತರ ಜಗತ್ತಿನಾದ್ಯಂತ ಕಾಣುತ್ತದೆ: ಹದಿನೈದು ವರ್ಷದ ಮಕ್ಕಳಿಗಾಗಿ ನಡೆಯುವ ಪೀಸಾ ಎಂಬ ಅಂತಾರಾಷ್ಟ್ರೀಯ ಪರೀಕ್ಷೆಯ 2018ರ ಸುತ್ತಿನಲ್ಲಿ, ಪಾಲ್ಗೊಂಡ ಎಲ್ಲ ದೇಶಗಳಲ್ಲಿಯೂ ಓದಿನಲ್ಲಿ ಹುಡುಗಿಯರೇ ಮುಂದಿದ್ದರು; ಹೆಚ್ಚಾಗಿ ಶ್ರೀಮಂತ ದೇಶಗಳ ಕೂಟವಾದ ಒಇಸಿಡಿಯ ದೇಶಗಳ ಸರಾಸರಿ ಅಂತರ ಸುಮಾರು 30 ಅಂಕಗಳಷ್ಟಿತ್ತು. ಇದನ್ನು ಹುಡುಗರ ಹಣೆಬರಹವೆಂದು ತಿಳಿಯಬಾರದು. ಹುಡುಗ ಹುಡುಗರ ನಡುವೆ ಇರುವ ವ್ಯತ್ಯಾಸ ಈ ಸರಾಸರಿ ಅಂತರಕ್ಕಿಂತ ಬಹಳ ದೊಡ್ಡದು. ನಮ್ಮ ತರಗತಿಯಲ್ಲಿಯೇ ಮುತ್ತು ಪೋಣಿಸಿದಂತೆ ಬರೆಯುವವನೂ ತನ್ನ ಹೆಸರಿನ ಒತ್ತಕ್ಷರಕ್ಕೆ ತಡವರಿಸುವವನೂ ಒಂದೇ ಬೆಂಚಿನಲ್ಲಿದ್ದಾರೆ. ಆದರೆ ತಡವಾಗಿ ಕಲಿಯುವವನಿಗೆ ಕಾಲಾವಕಾಶ ಕೊಡದೆ ಹೋದರೆ, ಓದು ತನ್ನಂಥವರಿಗೆ ಹೇಳಿದ್ದಲ್ಲ ಎಂದು ಅವನು ಬೇಗನೆ ತೀರ್ಮಾನಿಸಿಬಿಡುತ್ತಾನೆ. ಪಕ್ಕದ ಸಾಲಿನಲ್ಲಿ ಹುಡುಗಿಯರಿದ್ದು ಅವರೆಲ್ಲ ಮೊದಲೇ ಬರೆದು ಮುಗಿಸಿದರೆ, ಓದುಬರಹವೇ ಹುಡುಗಿಯರ ಕೆಲಸವೆಂದು ತಿಳಿಯುವ ಅಪಾಯವೂ ಇದೆ. ಕೆಳಗಿನ ತರಗತಿಗಳಲ್ಲಿ ನಮ್ಮಂಥ ಶಾಲೆಯಿಂದ ಏನಾದರೂ ಪ್ರಯೋಜನವಿದ್ದರೆ ಅದು ಇಲ್ಲಿ. ಓದುವವನೂ ಹುಡುಗ, ಓದದವನೂ ಹುಡುಗ ಎಂದಾದಾಗ ಆ ನೆಪ ಉಳಿಯುವುದಿಲ್ಲ.

ನಮ್ಮೂರಿನಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ಮಗು ಮನೆಯಲ್ಲಿ ತುಳುವನ್ನೋ ಬ್ಯಾರಿಯನ್ನೋ ಹವ್ಯಕವನ್ನೋ ಕೊಂಕಣಿಯನ್ನೋ ಮರಾಠಿಯನ್ನೋ ಆಡುತ್ತದೆ, ಬಸ್ಸಿನಲ್ಲಿ ಮಲಯಾಳ ಕೇಳುತ್ತದೆ, ಶಾಲೆಯಲ್ಲಿ ಕನ್ನಡ ಓದುತ್ತದೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಇಲ್ಲಿ ಕನ್ನಡದ ಓದು ಹೋರಾಟದ ವಿಷಯವಾಗಿದೆ, ಆಗಬೇಕಾದದ್ದೇ. ಆದರೆ ಹೋರಾಟದ ಮಾತು ಕೇಳಿ ಯಾವ ಹುಡುಗನೂ ಕನ್ನಡ ಓದಲು ಕಲಿಯುವುದಿಲ್ಲ. ಯಾರಾದರೂ ದಿನವೂ ಅವನಿಗೆ ಗಟ್ಟಿಯಾಗಿ ಕಥೆ ಓದಿ ಹೇಳಬೇಕು. ಆ ಓದುವ ದನಿ ಗಂಡಸಿನದ್ದಾಗಿದ್ದರೆ ಹುಡುಗರ ಮೇಲೆ ಆಗುವ ಪರಿಣಾಮವೇ ಬೇರೆ. ಅದಕ್ಕಾಗಿ ನಮ್ಮಲ್ಲಿ ಮಧ್ಯಾಹ್ನದ ಊಟವಾದ ಮೇಲೆ ಕಥೆ ಓದುವ ಕೆಲಸವನ್ನು ನಾವು ಟೀಚರುಗಳು ಬಿಟ್ಟು, ಗಣಿತದ ಮಾಸ್ಟ್ರು, ಆಟದ ಮಾಸ್ಟ್ರು, ಹಾಸ್ಟೆಲಿನ ವಾರ್ಡನ್ ಇವರಿಗೆ ವಹಿಸಿದ್ದೇವೆ. ಕಬಡ್ಡಿ ಕಲಿಸುವ ಮಾಸ್ಟ್ರು ಕಥೆಯ ಪುಸ್ತಕ ಹಿಡಿದು ಕುಳಿತದ್ದನ್ನು ಮೊದಲು ಕಂಡ ದಿನ ಹುಡುಗರು ಬೆರಗಾಗಿದ್ದರು. ಈಗ ಹುಡುಗರೇ ಪುಸ್ತಕ ಆರಿಸಿ ಮಾಸ್ಟ್ರ ಮೇಜಿನ ಮೇಲೆ ಇಟ್ಟುಬರುತ್ತಾರೆ. ಪೆರಡಾಲದ ನವಜೀವನ ಶಾಲೆಯಲ್ಲಿ ಅಧ್ಯಾಪಕರಾಗಿದ್ದ ಕಯ್ಯಾರ ಕಿಞ್ಞಣ್ಣ ರೈಗಳು (1915–2015) ಕವಿಯೂ ಹೌದು, ಸ್ವಾತಂತ್ರ್ಯ ಹೋರಾಟಗಾರರೂ ಹೌದು, ಮಣ್ಣಿನಲ್ಲಿ ದುಡಿದ ಕೃಷಿಕರೂ ಹೌದು. ಈ ಮಣ್ಣಿನ ಹುಡುಗರಿಗೆ ಗಂಡಸು ಎಂದರೆ ಹೇಗಿರಬಹುದು ಎಂಬುದಕ್ಕೆ ಅವರಂಥವರ ಉದಾಹರಣೆ ಕಣ್ಣೆದುರಿಗೇ ಇದೆ, ನಾವು ಅದನ್ನು ಸಾಕಷ್ಟು ಬಳಸಿಕೊಳ್ಳುತ್ತಿಲ್ಲ.

ಇನ್ನು ಕೆಲಸದ ಮಾತು. ಹಾಸ್ಟೆಲಿನಲ್ಲಿ ಊಟ ಬಡಿಸುವುದು, ಪಂಕ್ತಿ ಗುಡಿಸಿ ಒರೆಸುವುದು, ತಮ್ಮ ಬಟ್ಟೆ ಒಗೆದು ಒಣಗಿಸಿ ಮಡಚುವುದು, ಕಳಚಿದ ಗುಂಡಿ ಹೊಲಿಯುವುದು ಎಲ್ಲವೂ ಸರದಿಯ ಪ್ರಕಾರ ಹುಡುಗರದೇ. ಬಡಿಸುವ ಸರದಿ ಬಂದಾಗ ಅವರು ಕಲಿಯುವುದು ಸೌಟು ಹಿಡಿಯುವುದನ್ನು ಮಾತ್ರವಲ್ಲ. ಯಾರು ಸಾರು ಇನ್ನಷ್ಟು ಕೇಳಲು ನಾಚುತ್ತಾನೆ, ಯಾರು ಇವತ್ತು ಅರ್ಧ ಊಟದಲ್ಲೇ ಎದ್ದ, ಯಾರಿಗೆ ಪಲ್ಯದ ಹಸಿಮೆಣಸು ತಾಗುತ್ತದೆ ಎಂಬುದು ಬಡಿಸುವವನಿಗೆ ತಿಳಿಯುತ್ತದೆ. ಮನೆಯಲ್ಲಿ ತಾಯಿ ದಿನವೂ ಮಾಡುತ್ತಿದ್ದುದು ಇದನ್ನೇ ಎಂದು ಹುಡುಗನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ರಜೆ ಮುಗಿಸಿ ಮಗನನ್ನು ಬಿಡಲು ಬಂದ ತಾಯಿಯೊಬ್ಬರು, "ಮೊದಲು ಕುಡಿದ ಲೋಟ ಎತ್ತಿ ಇಡ್ತಿರ್ಲಿಲ್ಲ ಟೀಚರೇ, ಈ ಸಲ ನಾನು ಇನ್ನೂ ಉಣ್ಲಿಲ್ಲ ಅಂತ ಗೊತ್ತಾಗಿ ಅವನೇ ಬಡಿಸಿದ" ಎಂದರು. ಅವರ ಅತ್ತೆಗೆ ಅದು ಅಷ್ಟಾಗಿ ಹಿಡಿಸಲಿಲ್ಲವಂತೆ.

ನಮ್ಮ ಸೀಮೆಯಲ್ಲಿ ಒಂದು ವಿಚಿತ್ರವಿದೆ. ಮದುವೆಗೋ ದೇವಸ್ಥಾನದ ಬ್ರಹ್ಮಕಲಶಕ್ಕೋ ಸಾವಿರ ಜನರಿಗೆ ಅಡಿಗೆ ಮಾಡುವವರು ಗಂಡಸರು. ಕೊಪ್ಪರಿಗೆಯ ಎದುರು ಬೆವರು ಸುರಿಸುತ್ತ ನಿಂತ ಅಡಿಗೆಯವರನ್ನು ಎಲ್ಲರೂ ಗೌರವದಿಂದ ಕಾಣುತ್ತಾರೆ, ಅವರ ಕೈರುಚಿಯನ್ನು ಊರೆಲ್ಲ ಹೊಗಳುತ್ತದೆ. ಅದೇ ಊರಿನಲ್ಲಿ ಮನೆಯ ನಾಲ್ಕು ಜನರಿಗೆ ಗಂಜಿ ಬೇಯಿಸುವುದು ಗಂಡಸಿನ ಕೆಲಸವಲ್ಲ. ಹುಡುಗರ ಎದುರು ನಾನು ಈ ವಿಷಯವನ್ನು ಪ್ರಶ್ನೆಯಾಗಿ ಇಟ್ಟೆ. ಐದನೆಯ ತರಗತಿಯ ಒಬ್ಬ ಸ್ವಲ್ಪ ಯೋಚಿಸಿ, "ಮದುವೆಯಲ್ಲಿ ದುಡ್ಡು ಕೊಡ್ತಾರೆ ಟೀಚರ್, ಮನೆಯಲ್ಲಿ ಯಾರು ಕೊಡ್ತಾರೆ?" ಎಂದ. ಅದಕ್ಕಿಂತ ಸರಿಯಾದ ಉತ್ತರ ನನ್ನ ಬಳಿ ಇರಲಿಲ್ಲ. ಕೇರಳದ ಮೂರನೆಯ ತರಗತಿಯ ಹೊಸ ಪಠ್ಯಪುಸ್ತಕದಲ್ಲಿ 2024ರಲ್ಲಿ ತಂದೆ ತೆಂಗಿನಕಾಯಿ ತುರಿಯುವ ಚಿತ್ರ ಅಚ್ಚಾದಾಗ ರಾಜ್ಯದಲ್ಲೆಲ್ಲ ಅದೊಂದು ಸುದ್ದಿಯಾಯಿತು. ಅಪ್ಪ ಕಾಯಿ ತುರಿಯುವುದು ಸುದ್ದಿಯಾಗುವ ಕಾಲದಲ್ಲಿ ನಮ್ಮ ಹುಡುಗರು ಬೆಳೆಯುತ್ತಿದ್ದಾರೆ ಎಂಬುದನ್ನು ಅಧ್ಯಾಪಕರು ಮರೆಯಬಾರದು.

ಎಷ್ಟೋ ಹುಡುಗರ ಅಪ್ಪಂದಿರು ಊರಿನಲ್ಲಿಯೇ ಇಲ್ಲ. ಕಾಸರಗೋಡಿನ ಎಷ್ಟೋ ಮನೆಗಳು ದುಬಾಯಿ, ಅಬುಧಾಬಿ, ಕತಾರುಗಳಿಂದ ಬರುವ ಹಣದಿಂದ ನಡೆಯುತ್ತವೆ. ಅಪ್ಪ ಎಂದರೆ ರಾತ್ರಿಯ ವಾಟ್ಸ್ಆ್ಯಪ್ ಕರೆಯಲ್ಲಿ ಕಾಣುವ ಮುಖ, ರಜೆಯಲ್ಲಿ ಬಂದಾಗ ಪೆಟ್ಟಿಗೆ ತುಂಬ ಸಾಮಾನು ತರುವ ಮನುಷ್ಯ. ಅವನ ದಣಿವು, ಭಯ, ಅಲ್ಲಿನ ಕೋಣೆಯಲ್ಲಿ ಅವನೇ ಬೇಯಿಸಿಕೊಳ್ಳುವ ಅನ್ನ ಇವು ಯಾವುವೂ ಮಗನಿಗೆ ಕಾಣಿಸುವುದಿಲ್ಲ. ತಾನು ಏನಾಗಬೇಕೆಂಬುದನ್ನು ನೋಡಿ ಕಲಿಯಲು ಹತ್ತಿರದ ಗಂಡಸು ಇಲ್ಲದ ಹುಡುಗನಿಗೆ ಮೊಬೈಲಿನಲ್ಲಿ ಸಿಗುವ ಗಂಡಸು ಸಾಕಾಗಿಬಿಡುತ್ತಾನೆ. ಆ ಗಂಡಸು ಯಾವಾಗಲೂ ಸಿಟ್ಟಿನಲ್ಲಿರುತ್ತಾನೆ, ಯಾವಾಗಲೂ ಗೆಲ್ಲುತ್ತಾನೆ.

ಇದು ನನಗೆ ಅತ್ಯಂತ ಸ್ಪಷ್ಟವಾಗಿ ಕಂಡದ್ದು ತಾಳಮದ್ದಳೆಯಲ್ಲಿ, ಅಂದರೆ ವೇಷ ಕುಣಿತಗಳಿಲ್ಲದೆ ಕುಳಿತು ಹಾಡು ಮಾತುಗಳಲ್ಲೇ ನಡೆಸುವ ಯಕ್ಷಗಾನದಲ್ಲಿ. ಕುಂಬಳೆ ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು. ಈ ಸುತ್ತಿನಲ್ಲಿ ಯಕ್ಷಗಾನದ ಗಂಧವಿಲ್ಲದ ಮನೆ ಕಡಿಮೆ. ನಮ್ಮ ಶಾಲೆಯಲ್ಲಿಯೂ ಶನಿವಾರಗಳಂದು ಯಕ್ಷಗಾನದ ಪದ ಹಾಡುವ ಭಾಗವತರೊಬ್ಬರು ಬಂದು ಕಲಿಸುತ್ತಾರೆ. ಅಭಿಮನ್ಯುವಿನ ಪ್ರಸಂಗವನ್ನು ಎತ್ತಿಕೊಂಡಾಗ ತರಗತಿಯ ಎಲ್ಲರಿಗೂ ಅಭಿಮನ್ಯುವೇ ಬೇಕು. ಅದು ಸಿಗದಿದ್ದರೆ ದ್ರೋಣನಾದರೂ ಆದೀತು, ಕರ್ಣನಾದರೂ ಆದೀತು. ಅವನ ತಾಯಿ ಸುಭದ್ರೆಯ ಅರ್ಥ, ಎಂದರೆ ಆ ಪಾತ್ರದ ಮಾತು, ಯಾರಿಗೂ ಬೇಡ. ಯಕ್ಷಗಾನದ ತೆಂಕಣ ಶೈಲಿಯಾದ ನಮ್ಮ ತೆಂಕುತಿಟ್ಟಿನಲ್ಲಿ ಸ್ತ್ರೀವೇಷದಿಂದಲೇ ದೊಡ್ಡ ಹೆಸರು ಮಾಡಿದ ಕಲಾವಿದರಿದ್ದಾರೆಂದು ಭಾಗವತರು ಎಷ್ಟು ಹೇಳಿದರೂ ಹುಡುಗರ ತಲೆ ತಗ್ಗಿಯೇ ಇತ್ತು. ಕೊನೆಗೆ ಆರನೆಯ ತರಗತಿಯ, ಮಾತು ಕಡಿಮೆಯಾದ ಒಬ್ಬ ಹುಡುಗನಿಗೆ ಅದು ಬಂತು, ಬೇಡವೆಂದು ಹೇಳಲು ಅವನಿಗೆ ದನಿ ಇಲ್ಲದ್ದರಿಂದ.

ತಾಳಮದ್ದಳೆಯಲ್ಲಿ ಬರೆದುಕೊಂಡ ಮಾತನ್ನು ಒಪ್ಪಿಸಿದರೆ ಮುಗಿಯಲಿಲ್ಲ. ಪದ ಹಾಡಿ ಮುಗಿದ ಮೇಲೆ ಅದರ ಅರ್ಥವನ್ನು ಪಾತ್ರಧಾರಿ ತನ್ನ ಮಾತಿನಲ್ಲಿ ಬೆಳೆಸಬೇಕು, ಎದುರಿನವನ ಪ್ರಶ್ನೆಗೆ ಅಲ್ಲಿಯೇ ಉತ್ತರ ಹುಡುಕಬೇಕು. ಅರ್ಜುನ ಸಂಶಪ್ತಕರೊಂದಿಗೆ ಹೋರಾಡಲು ದೂರ ಹೋಗಿದ್ದಾನೆ. ಚಕ್ರವ್ಯೂಹ ಭೇದಿಸಲು ಹೊರಟ ಮಗ ತಾಯಿಯ ಅಪ್ಪಣೆ ಕೇಳಲು ಬಂದಿದ್ದಾನೆ. ಅಭಿಮನ್ಯುವಾಗಿದ್ದವನು ಕ್ಷತ್ರಿಯಧರ್ಮ, ಕೀರ್ತಿ, ವೀರಸ್ವರ್ಗ ಎಂದು ಗುಡುಗುಟ್ಟಿದ. ಈ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಗನೇ, ನಿನ್ನ ತಂದೆ ಮನೆಯಲ್ಲಿಲ್ಲ. ಅವರು ಬಂದು ಮಗ ಎಲ್ಲಿ ಎಂದು ಕೇಳಿದರೆ ಏನು ಹೇಳಲಿ? ಅವರು ದೂರ ಇರುವಾಗ ಮನೆಯನ್ನು ಕಾದವಳು ನಾನು. ನಿನ್ನ ಕೀರ್ತಿಯನ್ನು ಇಟ್ಟುಕೊಂಡು ರಾತ್ರಿ ನಾನು ಯಾರಿಗೆ ಬಡಿಸಲಿ?" ಎಂದು ಕೇಳಿದ. ಅಭಿಮನ್ಯುವಿಗೆ ಉತ್ತರ ಹೊಳೆಯಲಿಲ್ಲ. ಭಾಗವತರು ಮುಂದಿನ ಪದ ಎತ್ತುವುದಕ್ಕೆ ತಡಮಾಡಿದರು.

ಆ ಹುಡುಗನ ಅಪ್ಪ ಶಾರ್ಜಾದಲ್ಲಿ ಲಾರಿ ಓಡಿಸುತ್ತಾರೆ. ಅವನು ತನ್ನ ಅಮ್ಮನ ಮಾತನ್ನೇ ಹೇಳಿದನೋ, ಅಮ್ಮ ಎಂದೂ ಹೇಳದೆ ಉಳಿದದ್ದನ್ನು ಹೇಳಿದನೋ, ನಾನು ಕೇಳಲಿಲ್ಲ, ಕೇಳಬಾರದೆಂದೇ ನನಗನಿಸಿತು. ಹುಡುಗಿಯರಿದ್ದ ಶಾಲೆಯಾಗಿದ್ದರೆ ಸುಭದ್ರೆಯ ಅರ್ಥ ಒಬ್ಬ ಹುಡುಗಿಗೆ ಹೋಗುತ್ತಿತ್ತು, ಅವಳು ಅದನ್ನು ಚೆನ್ನಾಗಿಯೇ ಹೇಳುತ್ತಿದ್ದಳು. ಆದರೆ ಮಗನನ್ನು ಕಳುಹಿಸಿಕೊಡುವ ತಾಯಿಯ ಸ್ಥಾನದಲ್ಲಿ ನಿಂತು ವಾದ ಹೂಡುವ ಅಗತ್ಯ ಯಾವ ಹುಡುಗನಿಗೂ ಬರುತ್ತಿರಲಿಲ್ಲ. ಮುಂದಿನ ಸಲ ಸುಭದ್ರೆಯ ಅರ್ಥಕ್ಕೆ ಮೂವರು ಕೈ ಎತ್ತಿದರು.

ಇದೆಲ್ಲ ಚಂದ ಕಾಣುತ್ತದೆ, ಆದರೆ ಗಂಡುಮಕ್ಕಳೇ ತುಂಬಿದ ಜಾಗದಲ್ಲಿ ಕ್ರೌರ್ಯವೂ ಬೇಗ ಬೇರುಬಿಡುತ್ತದೆ. ಮೆತ್ತಗಿನ ಹುಡುಗನನ್ನು "ಹೆಂಗಸಿನ ಹಾಗೆ ಮಾಡ್ತಾನೆ" ಎಂದು ಅಣಕಿಸುವುದು, ಅತ್ತವನನ್ನು ವಾರಗಟ್ಟಲೆ ಗೋಳುಹೊಯ್ದುಕೊಳ್ಳುವುದು, ಹಾಸ್ಟೆಲಿನಲ್ಲಿ ದೊಡ್ಡವರು ಸಣ್ಣವರಿಂದ ಚಾಕರಿ ಮಾಡಿಸಿಕೊಳ್ಳುವುದು, ಇವನ್ನು ಕಾಣದವರು ಗಂಡುಮಕ್ಕಳ ಶಾಲೆಯನ್ನು ಕಂಡೇ ಇಲ್ಲ. ಹುಡುಗರೆಂದರೆ ಹಾಗೆಯೇ ಎಂದು ತಳ್ಳಿಹಾಕುವ ದೊಡ್ಡವರೇ ಇದಕ್ಕೆ ಮೊದಲ ಕಾರಣ. ಇಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯಬೇಕು. ಬೇರೆ ಉಪಾಯ ನನಗೆ ಗೊತ್ತಿಲ್ಲ. ರಾತ್ರಿ ಮಲಗುವ ಕೋಣೆಗಳಲ್ಲಿ ಯಾರ ಹಾಸಿಗೆ ಎಲ್ಲಿದೆ ಎಂಬುದರಿಂದ ಹಿಡಿದು ಬಚ್ಚಲುಮನೆಯ ಸರದಿಯವರೆಗೆ ವಾರ್ಡನ್ ಲೆಕ್ಕವಿಡುತ್ತಾರೆ. ಲೈಂಗಿಕ ದೌರ್ಜನ್ಯದಿಂದ ಮಕ್ಕಳನ್ನು ರಕ್ಷಿಸುವ 2012ರ ಪೋಕ್ಸೋ ಕಾಯ್ದೆ ಗಂಡುಮಕ್ಕಳಿಗೂ ಅಷ್ಟೇ ಅನ್ವಯವಾಗುತ್ತದೆ ಎಂದು ಹೆತ್ತವರ ಸಭೆಯಲ್ಲಿ ಹೇಳಿದಾಗ ಹಲವರು ಮುಖ ಮುಖ ನೋಡಿಕೊಂಡರು. ಹೆಣ್ಣುಮಗುವಿನ ಬಗ್ಗೆ ಹಗಲಿರುಳು ಆತಂಕಪಡುವ ನಮ್ಮ ಸಮಾಜ ಗಂಡುಮಗುವಿಗೂ ನೋವಾಗಬಹುದೆಂದು, ಅವನು ಅದನ್ನು ಹೇಳಲಾರದೆ ಒದ್ದಾಡಬಹುದೆಂದು ಯೋಚಿಸುವುದೇ ಅಪರೂಪ.

ಹೊಡೆತದ ವಿಷಯವೂ ಇದಕ್ಕೆ ಸೇರಿದ್ದು. "ಗಂಡುಹುಡುಗ ಅಲ್ವಾ ಟೀಚರೇ, ಎರಡು ಬಿಗೀರಿ, ನಾವೇನೂ ಕೇಳುದಿಲ್ಲ" ಎಂದು ಒಪ್ಪಿಗೆ ಕೊಡುವ ಅಪ್ಪಂದಿರಿದ್ದಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಹೆತ್ತವರು ಒಪ್ಪಿದರೂ ಹೊಡೆಯುವ ಹಕ್ಕು ನಮಗಿಲ್ಲ. ಕಾನೂನು ಇಲ್ಲದಿದ್ದರೂ ನಾನು ಹೊಡೆಯುತ್ತಿರಲಿಲ್ಲ. ಬೆತ್ತದಿಂದ ಕಲಿತ ಹುಡುಗ ಬೆತ್ತವನ್ನೇ ಕಲಿಯುತ್ತಾನೆ. ಅವನ ಕೈಗೆ ಅದು ಸಿಗುವುದು ಇಪ್ಪತ್ತು ವರ್ಷಗಳ ನಂತರ, ಅವನದೇ ಮನೆಯಲ್ಲಿ.

ಹೀಗೆಲ್ಲ ಹೇಳಿದ ಮೇಲೂ ನಮ್ಮ ಶಾಲೆ ಕೊಡಲಾರದ ಒಂದು ಇದೆ. ಗಣಿತದ ಲೆಕ್ಕದಲ್ಲಿ ಹುಡುಗಿಯೊಬ್ಬಳ ಎದುರು ಸೋತು ಮರುದಿನ ಅವಳಲ್ಲಿಯೇ ಆ ಲೆಕ್ಕ ಹೇಳಿಸಿಕೊಳ್ಳುವ ಅನುಭವ ಇಲ್ಲಿನ ಹುಡುಗನಿಗೆ ಸಿಗುವುದಿಲ್ಲ. ಸುಭದ್ರೆಯ ಅರ್ಥ ಹೇಳುವುದು ಬೇರೆ, ಸುಭದ್ರೆಯೇ ಎದುರು ಕುಳಿತು ತನ್ನ ಅರ್ಥವನ್ನು ತಾನೇ ಹೇಳಿದಾಗ ಕೇಳಿಸಿಕೊಳ್ಳುವುದು ಬೇರೆ. ಹನ್ನೆರಡು ದಾಟಿದ ಹುಡುಗನಿಗೆ ಈ ಎರಡನೆಯದು ಬೇಕೇ ಬೇಕು. ಆದ್ದರಿಂದ ಕೇರಳದ ಆಯೋಗದ ನಿರ್ದೇಶವನ್ನು ಹೈಸ್ಕೂಲಿನ ಮಟ್ಟಿಗೆ ನಾನು ಪೂರ್ಣವಾಗಿ ಒಪ್ಪುತ್ತೇನೆ. ಏಳನೆಯ ತರಗತಿಯವರೆಗೆ ನಮ್ಮಂಥ ಶಾಲೆ ನಡೆಯಲಿ, ಅದೂ ಮೇಲೆ ಹೇಳಿದ ಕೆಲಸವನ್ನು ಮಾಡುವುದಾದರೆ ಮಾತ್ರ. ಎಂಟರಿಂದ ಬಾಗಿಲು ಎಲ್ಲರಿಗೂ ತೆರೆಯಲಿ ಎಂಬುದು ನನ್ನ ನಿಲುವು. ಅಧ್ಯಾಪಕರಲ್ಲಿ ಹೆಚ್ಚಿನವರು ಇದಕ್ಕೆ ಒಪ್ಪಿದ್ದಾರೆ.

ಆಡಳಿತ ಮಂಡಳಿಯವರು ಇನ್ನೂ ಒಪ್ಪಿಲ್ಲ. ಹುಡುಗಿಯರಿಗೆ ಬೇರೆ ಶೌಚಾಲಯ ಬೇಕು, ಹಾಸ್ಟೆಲಿಗೆ ಬೇರೆ ಕಟ್ಟಡ ಬೇಕು, ಹುಡುಗಿಯರಿಲ್ಲವೆಂದೇ ಬರುವ ಹೆತ್ತವರು ಬೇರೆಡೆಗೆ ಹೋದಾರು ಎಂಬುದು ಅವರ ಆಕ್ಷೇಪ. ಮೊದಲನೆಯದು ನಿಜವಾದ ಖರ್ಚು. ಎಂಟನೆಯ ತರಗತಿಯನ್ನು ಮನೆಯಿಂದ ಬಂದುಹೋಗುವ ಹುಡುಗಿಯರಿಗೆ ಮಾತ್ರ ತೆರೆದರೆ ಎರಡನೆಯದನ್ನು ಸದ್ಯಕ್ಕೆ ಮುಂದೂಡಬಹುದು. ಮೂರನೆಯದಕ್ಕೆ ಹೆತ್ತವರೊಂದಿಗೆ ಕುಳಿತು ಮಾತಾಡುವುದೊಂದೇ ದಾರಿ. ಶೌಚಾಲಯದ ಅಂದಾಜುಪಟ್ಟಿ ತಯಾರಾಗಿದೆ. ರಕ್ಷಕ–ಶಿಕ್ಷಕ ಸಂಘದ ಮುಂದಿನ ಮಹಾಸಭೆಯಲ್ಲಿ ಅದನ್ನು ಮಂಡಿಸುವವರು, ಊಟ ಬಡಿಸಿದ ಮಗನ ಸುದ್ದಿ ಹೇಳಿದ್ದ ಆ ತಾಯಿ.